ಪರದೆಯ ಬಣ್ಣ ಬರೀ ಅಭಿರುಚಿಯ ಪ್ರಶ್ನೆಯೇ?

ಗಣಕಯಂತ್ರದ ಪರದೆಯ ಮೇಲೆ ಒಂದು ಗುಂಡಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದು ತಿಳಿದವರು ತಲೆ ಕೆಡಿಸಿಕೊಳ್ಳಬೇಕಾದ ವಿಷಯವೆಂದು ಹೊರಗಿನಿಂದ ನೋಡುವವರಿಗೆ ಅನ್ನಿಸಲಾರದು. ವಿಂಡೋದ ಅಂಚು ಕಂದು ಬಣ್ಣದ್ದಾದರೇನು, ನೇರಳೆಯದಾದರೇನು, ಕೆಲಸ ನಡೆದರೆ ಸಾಕಲ್ಲವೆ? ಆದರೆ ಕಾರ್ಯಾಚರಣ ವ್ಯವಸ್ಥೆಗಳ ಇತಿಹಾಸವನ್ನು ಗಮನಿಸಿದರೆ, ಬಳಕೆದಾರರಿಂದ ಮತ್ತೆ ಮತ್ತೆ ದೊಡ್ಡ ಕೂಗು ಎದ್ದಿರುವುದು ಅವುಗಳ ಮುಖಚಹರೆ ಬದಲಾದಾಗ. ತಯಾರಕರು ಈ ಕೂಗನ್ನು ಬಹುಮಟ್ಟಿಗೆ ಅಭಿರುಚಿಯ ಗದ್ದಲವೆಂದೇ ಪರಿಗಣಿಸುತ್ತ ಬಂದಿದ್ದಾರೆ. ಆ ಗದ್ದಲದ ನಡುವೆ ಅಭಿರುಚಿಗೆ ಸಂಬಂಧವೇ ಇಲ್ಲದ ಇನ್ನೊಂದು ದೂರೂ ಸೇರಿಕೊಂಡಿರುತ್ತದೆ, ಅದು ಕೇಳಿಸದೆ ಹೋಗುತ್ತದೆ ಎಂಬುದು ನನ್ನ ಆತಂಕ. ಕನ್ನಡದಲ್ಲಿ ಗಣಕಯಂತ್ರವನ್ನು ಬಳಸುವವರಿಗೂ ಈ ವಿಷಯದಲ್ಲಿ ನೇರವಾದ ಪಾಲಿದೆ.

ಮೊದಲಿಗೆ ‘ಥೀಮ್’ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪರದೆಯ ಹಿನ್ನೆಲೆಗೆ ಬೆಟ್ಟದ ಚಿತ್ರವನ್ನೋ ಮಗುವಿನ ಚಿತ್ರವನ್ನೋ ಹಾಕಿಕೊಳ್ಳುವುದು ಥೀಮ್ ಅಲ್ಲ. ವಿಂಡೋದ ಶೀರ್ಷಿಕೆ ಪಟ್ಟಿ, ಅದರ ಗುಂಡಿಗಳು, ಮೆನು, ಜಾರುಪಟ್ಟಿ, ಚಿಹ್ನೆಗಳು, ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ, ಇವೆಲ್ಲವುಗಳ ರೂಪವನ್ನು ಒಟ್ಟಾಗಿ ನಿರ್ಧರಿಸುವ ನಿಯಮಾವಳಿಯೇ ಥೀಮ್. ಒಂದು ಸಾಮಾನ್ಯ ಗುಂಡಿಗೂ ಹಲವು ಅವಸ್ಥೆಗಳಿರುತ್ತವೆ. ಸುಮ್ಮನಿರುವಾಗ ಒಂದು ರೂಪ, ಮೌಸ್ ಅದರ ಮೇಲೆ ಹರಿದಾಗ ಇನ್ನೊಂದು, ಒತ್ತಿದಾಗ ಮತ್ತೊಂದು, ಕೀಲಿಮಣೆಯಿಂದ ಆಯ್ದಾಗ ಬೇರೊಂದು, ನಿಷ್ಕ್ರಿಯವಾಗಿದ್ದಾಗ ಮಗದೊಂದು. ಇಂತಹ ಪ್ರತಿಯೊಂದು ಅಂಗಕ್ಕೂ ಪ್ರತಿಯೊಂದು ಅವಸ್ಥೆಗೂ ಬಣ್ಣ ಮತ್ತು ಅಳತೆಯನ್ನು ಗೊತ್ತುಮಾಡಬೇಕಾಗುತ್ತದೆ. ಮನೆಗೆ ಸುಣ್ಣ ಬಳಿಯುವ ಕೆಲಸಕ್ಕಿಂತ ಬಾಗಿಲು, ಚಿಲಕ, ಮೆಟ್ಟಿಲುಗಳನ್ನು ಕೂರಿಸುವ ಕೆಲಸಕ್ಕೆ ಇದು ಹತ್ತಿರ.

ಬಳಕೆದಾರರ ಅಭಿಪ್ರಾಯಕ್ಕೂ ಥೀಮ್‌ಗೂ ಇರುವ ಸಂಬಂಧವನ್ನು ಅರಿಯಲು ಉಬುಂಟು ವ್ಯವಸ್ಥೆಯ ಚರಿತ್ರೆಯಷ್ಟು ಉಪಯುಕ್ತವಾದ ಉದಾಹರಣೆ ಇನ್ನೊಂದು ಸಿಗಲಾರದು. ಲಿನಕ್ಸ್ ಆಧಾರಿತವಾದ ಈ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ದಕ್ಷಿಣ ಆಫ್ರಿಕಾ ಮೂಲದ ಉದ್ಯಮಿ ಮಾರ್ಕ್ ಶಟಲ್‌ವರ್ತ್ 2004ರ ಅಕ್ಟೋಬರ್‌ನಲ್ಲಿ ಹೊರತಂದರು. ಹೆಸರು ದಕ್ಷಿಣ ಆಫ್ರಿಕಾದ ಭಾಷೆಗಳಿಂದ ಬಂದದ್ದು. ಪರಸ್ಪರ ಮಾನವೀಯತೆ ಎಂಬ ಅರ್ಥವುಳ್ಳದ್ದು. ಅದರ ಮೊದಲ ಥೀಮ್‌ನ ಹೆಸರೂ ‘ಹ್ಯೂಮನ್’. ಮಣ್ಣಿನ ಕಂದು ಬಣ್ಣವೇ ಅದರಲ್ಲಿ ಪ್ರಧಾನ. 2005ರಿಂದ 2011ರವರೆಗೆ ಈ ವ್ಯವಸ್ಥೆಯ ಸಿ.ಡಿ.ಗಳನ್ನು ಕೇಳಿದವರಿಗೆಲ್ಲ ಅಂಚೆಯ ಮೂಲಕ ಉಚಿತವಾಗಿ ಕಳುಹಿಸಲಾಗುತ್ತಿತ್ತು. ಭಾರತದ ವಿದ್ಯಾರ್ಥಿಗಳಲ್ಲಿ ಅನೇಕರು ಲಿನಕ್ಸನ್ನು ಮೊದಲು ಕಂಡದ್ದು ಆ ಕಂದು ಮುಖದಲ್ಲಿಯೇ. ಆ ಬಣ್ಣವನ್ನು ಮೆಚ್ಚಿದವರಿಗಿಂತ ಗೇಲಿ ಮಾಡಿದವರೇ ಜೋರಾಗಿ ಮಾತನಾಡಿದರು. ಆದರೆ ಅದು ನಿಜವಾಗಿಯೂ ಅಭಿರುಚಿಯ ವಿಷಯವಾಗಿತ್ತು. ಕಂದು ಬಣ್ಣದಿಂದ ಯಾರ ಕೆಲಸವೂ ಕೆಡಲಿಲ್ಲ.

2010ರ ಏಪ್ರಿಲ್‌ನಲ್ಲಿ ಬಂದ 10.04 ಆವೃತ್ತಿಯಲ್ಲಿ ಕಂದು ಹೋಗಿ ನೇರಳೆ ಮತ್ತು ಕಿತ್ತಳೆ ಬಣ್ಣಗಳು ಬಂದವು. ಅದರ ಜೊತೆಯಲ್ಲಿಯೇ, ವಿಂಡೋವನ್ನು ಮುಚ್ಚುವ, ಕಿರಿದಾಗಿಸುವ, ಹಿರಿದಾಗಿಸುವ ಮೂರು ಗುಂಡಿಗಳು ಬಲ ಮೂಲೆಯಿಂದ ಎಡಕ್ಕೆ ಸರಿದವು. ಅದಕ್ಕೂ ಮೊದಲು, ಮಾರ್ಚ್ ತಿಂಗಳ ಪರೀಕ್ಷಾ ಹಂತದಲ್ಲಿಯೇ ಪ್ರತಿಭಟನೆ ಭುಗಿಲೆದ್ದಿತ್ತು. ವರ್ಷಗಟ್ಟಲೆ ಬಲಕ್ಕೆ ಹೋಗಿ ಅಭ್ಯಾಸವಾದ ಕೈ ಎಡಕ್ಕೆ ಹೋಗಲು ಒಪ್ಪಲಿಲ್ಲ. ಬದಲಾವಣೆಗೆ ಕಾರಣವೇನೆಂದು ಕೇಳಿದವರಿಗೆ, ಬಲಬದಿಯನ್ನು ತೆರವು ಮಾಡಿಕೊಂಡು ಅಲ್ಲಿ ಮುಂದೆ ಹೊಸ ಪ್ರಯೋಗಗಳನ್ನು ಮಾಡುವ ಆಲೋಚನೆಯಿದೆ ಎಂಬ ಉತ್ತರ ಬಂತು. ಇದು ಪ್ರಜಾಪ್ರಭುತ್ವವಲ್ಲ; ಒಳ್ಳೆಯ ಸಲಹೆಗೂ ಒಳ್ಳೆಯ ಮಾಹಿತಿಗೂ ಸ್ವಾಗತವಿದೆ, ಆದರೆ ವಿನ್ಯಾಸವನ್ನು ಮತದಾನದಿಂದ ತೀರ್ಮಾನಿಸುವುದಿಲ್ಲ ಎಂಬರ್ಥದ ಮಾತನ್ನು ಶಟಲ್‌ವರ್ತ್ ಆಡಿದರು. ಈ ಮಾತು ಅನೇಕರನ್ನು ನೋಯಿಸಿತು. ಸಮುದಾಯದ ಹೆಸರಿನಲ್ಲಿ ಬೆಳೆದ ವ್ಯವಸ್ಥೆಯೊಂದರ ನೇತಾರನ ಬಾಯಲ್ಲಿ ಇದು ಬಂತಲ್ಲ ಎಂಬುದೇ ಅವರ ನೋವು.

ನನಗನ್ನಿಸುವಂತೆ ಆ ಮಾತಿನ ಅರ್ಧಭಾಗ ಸರಿಯಾಗಿಯೇ ಇತ್ತು. ಯಾವ ಹೊಸ ವಿನ್ಯಾಸವನ್ನೇ ಆಗಲಿ, ಬಂದ ದಿನವೇ ಕೈಯೆತ್ತಿಸಿ ಕೇಳಿದರೆ ಬಹುಮತ ಹಳೆಯದರ ಪರವಾಗಿಯೇ ಬೀಳುತ್ತದೆ. ಅಭ್ಯಾಸಬಲ ಅಂತಹುದು. ಮತದಾನ ಅಭ್ಯಾಸವನ್ನು ಅಳೆಯುತ್ತದೆಯೇ ಹೊರತು ಗುಣವನ್ನಲ್ಲ. ಆದರೆ ಅದೇ ಪರೀಕ್ಷಾ ಹಂತದಲ್ಲಿ ಬೇರೊಂದು ಬಗೆಯ ದೂರೂ ಬಂದಿತ್ತು. ಹೊಸ ಜೋಡಣೆಯಲ್ಲಿ ಮುಚ್ಚುವ ಗುಂಡಿಯನ್ನು ಮೂಲೆಯಲ್ಲಿ ಇರಿಸದೆ ಒಳಗಿನ ಬದಿಗೆ ಇರಿಸಿದ್ದರು. ಪರದೆಯ ಮೂಲೆ ಕೈಗೆ ಅತಿ ಸುಲಭವಾಗಿ ನಿಲುಕುವ ಜಾಗ. ಮೌಸನ್ನು ಎಷ್ಟೇ ಜೋರಾಗಿ ತಳ್ಳಿದರೂ ಬಾಣ ಅಲ್ಲಿ ತಾನಾಗಿ ನಿಲ್ಲುತ್ತದೆ. ಗುರಿ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಅದನ್ನು ತಲುಪುವ ಸಮಯ ಹೇಗೆ ಅವಲಂಬಿಸಿದೆಯೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಷ್ಟು ಹಿಂದೆಯೇ ತೋರಿಸಿದ್ದರು. ಅಂತಿಮ ಆವೃತ್ತಿ ಬಿಡುಗಡೆಯಾಗುವ ವೇಳೆಗೆ ಗುಂಡಿಗಳು ಎಡಬದಿಯಲ್ಲಿಯೇ ಉಳಿದವು, ಆದರೆ ಮುಚ್ಚುವ ಗುಂಡಿ ಮೂಲೆಗೆ ಬಂದಿತ್ತು. ಕೂಗು ಸೋತಿತು, ಕಾರಣ ಗೆದ್ದಿತು ಎನ್ನಬಹುದು. ಮುಂದೆ 2017ರ ಅಕ್ಟೋಬರ್‌ನಲ್ಲಿ ಉಬುಂಟು ತನ್ನ ಸ್ವಂತ ಯೂನಿಟಿ ಡೆಸ್ಕ್‌ಟಾಪನ್ನು ಬಿಟ್ಟು ಗ್ನೋಮ್‌ಗೆ ಮರಳಿದಾಗ ಗುಂಡಿಗಳೂ ಸದ್ದಿಲ್ಲದೆ ಬಲಕ್ಕೆ ಮರಳಿದವು ಎಂಬುದು ಬೇರೆ ಮಾತು.

ಈ ಪ್ರಸಂಗದಿಂದ ತಿಳಿಯುವುದಿಷ್ಟು. ಥೀಮ್‌ಗಳ ಬಗ್ಗೆ ಬರುವ ಅಭಿಪ್ರಾಯಗಳಲ್ಲಿ ಎರಡು ಜಾತಿಗಳಿವೆ. ಒಂದು, ‘ನನಗೆ ಹಿಡಿಸುವುದಿಲ್ಲ’ ಎಂಬುದು. ಇನ್ನೊಂದು, ‘ನನಗೆ ಕಾಣಿಸುವುದಿಲ್ಲ’ ಎಂಬುದು. ಮೊದಲನೆಯದಕ್ಕೆ ಆಯ್ಕೆಯನ್ನು ಕೊಟ್ಟರೆ ಸಾಕು. ಕೊಡದಿದ್ದರೂ ಕಾಲಕ್ರಮೇಣ ಕಣ್ಣು ಹೊಂದಿಕೊಳ್ಳುತ್ತದೆ. ಎರಡನೆಯದಕ್ಕೆ ಕಾಲ ಪರಿಹಾರ ಕೊಡುವುದಿಲ್ಲ. ತೊಂದರೆಯೆಂದರೆ ಇವೆರಡೂ ಒಂದೇ ಧಾಟಿಯಲ್ಲಿ ಬರುತ್ತವೆ. ಬಿಳಿಯ ಹಿನ್ನೆಲೆಯ ಮೇಲೆ ನಸುಬೂದು ಅಕ್ಷರ ಚೆನ್ನಾಗಿಲ್ಲ ಎಂದು ಇಪ್ಪತ್ತೈದರ ಯುವಕನೂ ಬರೆಯುತ್ತಾನೆ, ಅರುವತ್ತೈದರ ವೃದ್ಧರೂ ಬರೆಯುತ್ತಾರೆ. ಯುವಕನದು ಅಭಿರುಚಿ, ವೃದ್ಧರದು ಕಣ್ಣಿನ ಸ್ಥಿತಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಅಕ್ಷಿಪಟಲವನ್ನು ತಲುಪುವ ಬೆಳಕು ಕಡಿಮೆಯಾಗುತ್ತದೆ, ಬೂದಿಗೂ ಬಿಳಿಗೂ ಇರುವ ಅಂತರ ಕರಗುತ್ತದೆ. ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಗಣಕಯಂತ್ರದ ಮೆನುಗಳನ್ನು ಓದುವುದನ್ನು ಬಿಟ್ಟು, ಮೇಲಿನಿಂದ ಎಷ್ಟನೆಯ ಸಾಲು ಎಂದು ಎಣಿಸಿ ಕೆಲಸ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವರು ಎಲ್ಲಿಗೂ ದೂರು ಬರೆದವರಲ್ಲ. ‘ನನ್ನ ಕಣ್ಣಿನದೇ ದೋಷ’ ಎಂದು ಸುಮ್ಮನಿದ್ದರು.

ಇದನ್ನು ಅಳೆಯಲು ಸಾಧ್ಯವಿಲ್ಲವೆಂದೇನೂ ಅಲ್ಲ. ಅಕ್ಷರದ ಹೊಳಪಿಗೂ ಹಿನ್ನೆಲೆಯ ಹೊಳಪಿಗೂ ಇರಬೇಕಾದ ಅನುಪಾತವನ್ನು ವರ್ಲ್ಡ್ ವೈಡ್ ವೆಬ್ ಒಕ್ಕೂಟ 2008ರ ತನ್ನ ಮಾರ್ಗಸೂಚಿಯಲ್ಲಿ ಗೊತ್ತುಪಡಿಸಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಅಚ್ಚ ಬಿಳಿಯ ಮೇಲಿನ ಅಚ್ಚ ಕಪ್ಪಿಗೆ ಈ ಅನುಪಾತ 21ಕ್ಕೆ 1. ಜಾಲಪುಟಗಳಿಗೆಂದು ಮಾಡಿದ ಅಳತೆಗೋಲಾದರೂ ಇದನ್ನು ಯಾವ ಪರದೆಗಾದರೂ ಅನ್ವಯಿಸಬಹುದು. ಒಂದು ಥೀಮ್ ಸುಂದರವೋ ಅಲ್ಲವೋ ಎಂದು ನೂರು ಮಂದಿ ನೂರು ವಿಧವಾಗಿ ಹೇಳಬಹುದು. ಅದರ ಅಕ್ಷರಗಳು ಈ ಮಿತಿಯ ಮೇಲಿವೆಯೋ ಕೆಳಗಿವೆಯೋ ಎಂಬುದರಲ್ಲಿ ಎರಡು ಮಾತಿಗೆ ಅವಕಾಶವಿಲ್ಲ. ನಿಷ್ಕ್ರಿಯ ಗುಂಡಿಗೂ ಸಕ್ರಿಯ ಗುಂಡಿಗೂ ವ್ಯತ್ಯಾಸವನ್ನು ಕೆಂಪು-ಹಸಿರುಗಳಿಂದ ಮಾತ್ರ ತೋರಿಸಿದರೆ ಬಣ್ಣಗುರುಡುಳ್ಳವರಿಗೆ ಅದು ತಿಳಿಯುವುದಿಲ್ಲ ಎಂಬುದೂ ಇಂತಹುದೇ ಸರಳ ಸಂಗತಿ.

ಇನ್ನು ಕನ್ನಡದ ಮಾತಿಗೆ ಬರೋಣ. ಥೀಮ್‌ಗಳನ್ನು ರೂಪಿಸುವವರಲ್ಲಿ ಬಹುತೇಕರ ಕಣ್ಣ ಮುಂದಿರುವುದು ಲ್ಯಾಟಿನ್ ಲಿಪಿ. ಆ ಲಿಪಿಯ ಅಕ್ಷರ ಒಂದು ಗೆರೆಯ ಮೇಲೆ ಕೂರುತ್ತದೆ. ಕೆಲವೇ ಅಕ್ಷರಗಳ ಬಾಲ ಗೆರೆಯಿಂದ ಸ್ವಲ್ಪ ಕೆಳಗಿಳಿಯುತ್ತದೆ. ಕನ್ನಡಕ್ಕೆ ಮೇಲೆ ಗುಣಿತದ ಚಿಹ್ನೆ ಬೇಕು, ಕೆಳಗೆ ಒತ್ತಕ್ಷರ ಬೇಕು. ‘ರಾಷ್ಟ್ರ’, ‘ಶಾಸ್ತ್ರ’ ಎಂಬಂತಹ ಪದಗಳಲ್ಲಿ ಒಂದರ ಜೊತೆಗೆ ಎರಡು ಒತ್ತುಗಳು ಸೇರುತ್ತವೆ. ಶೀರ್ಷಿಕೆ ಪಟ್ಟಿಯ ಅಥವಾ ಮೆನುವಿನ ಎತ್ತರವನ್ನು ಲ್ಯಾಟಿನ್ ಅಕ್ಷರದ ಅಳತೆಗೆ ತಕ್ಕಂತೆ ಇಷ್ಟೇ ಪಿಕ್ಸೆಲ್ ಎಂದು ಕಟ್ಟಿಹಾಕಿದ ಥೀಮ್‌ನಲ್ಲಿ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಇಂಗ್ಲಿಷಿನಲ್ಲಿ ಬಾಲ ತುಂಡಾದರೂ ಪದವನ್ನು ಊಹಿಸಬಹುದು. ಕನ್ನಡದಲ್ಲಿ ಒತ್ತು ಹೋದರೆ ಪದವೇ ಬೇರೆಯಾಗುತ್ತದೆ. ‘ಹಳ್ಳಿ’ ‘ಹಳಿ’ಯಾಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ. ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವ ನಾನು ಇಂತಹ ಒಂದಕ್ಕಿಂತ ಹೆಚ್ಚು ಥೀಮ್‌ಗಳನ್ನು ಹಾಕಿ ನೋಡಿ ತೆಗೆದುಹಾಕಿದ್ದೇನೆ. ಚಿತ್ರದಲ್ಲಿ ನೋಡಿದಾಗ ಎಲ್ಲವೂ ಸುಂದರವಾಗಿಯೇ ಇದ್ದವು. ಆ ಚಿತ್ರಗಳಲ್ಲಿದ್ದ ಬರಹವೆಲ್ಲ ಇಂಗ್ಲಿಷಿನದು.

ಇದರ ಜೊತೆಗೆ ಅಕ್ಷರಶೈಲಿಯ ತೊಡಕೂ ಇದೆ. ಥೀಮ್ ತನಗೆ ಒಪ್ಪುವ ಒಂದು ಫಾಂಟನ್ನು ಹೆಸರಿಸುತ್ತದೆ. ಉದಾಹರಣೆಗೆ, 2010ರಲ್ಲಿ ಉಬುಂಟುವಿಗಾಗಿಯೇ ರೂಪಿಸಿ ಹೊರತಂದ ಫಾಂಟ್‌ನಲ್ಲಿ ಲ್ಯಾಟಿನ್, ಗ್ರೀಕ್ ಮತ್ತು ಸಿರಿಲಿಕ್ ಲಿಪಿಗಳಿದ್ದವು, ಕನ್ನಡ ಇರಲಿಲ್ಲ. ಹೆಸರಿಸಿದ ಫಾಂಟ್‌ನಲ್ಲಿ ಕನ್ನಡವಿಲ್ಲದಿದ್ದಾಗ ವ್ಯವಸ್ಥೆ ತನ್ನಲ್ಲಿರುವ ಬೇರಾವುದೋ ಕನ್ನಡ ಫಾಂಟನ್ನು ತಂದು ಕೂರಿಸುತ್ತದೆ. ಎರಡರ ಗಾತ್ರವೂ ತೂಕವೂ ಹೊಂದುವುದಿಲ್ಲ. ಒಂದೇ ಸಾಲಿನಲ್ಲಿ ಇಂಗ್ಲಿಷ್ ಪದ ದಪ್ಪಗೆ, ಕನ್ನಡ ಪದ ಸಣಕಲಾಗಿ ಕಾಣುತ್ತದೆ. ಕನ್ನಡ ಮತ್ತು ಗಣಕದ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ಹೆಚ್ಚಾಗಿ ಕೀಲಿಮಣೆ ಮತ್ತು ಲಿಪಿತಂತ್ರಾಂಶಗಳದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ‘ಬರಹ’, ‘ನುಡಿ’ ಇವೆಲ್ಲ ಕನ್ನಡವನ್ನು ಬರೆಯುವ ದಾರಿಯನ್ನು ತೆರೆದವು. ಆದರೆ ಯಂತ್ರದ ಮುಖವೇ ಕನ್ನಡವನ್ನು ಸರಿಯಾಗಿ ಹೊತ್ತು ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ನಾವು ಕೇಳಲಿಲ್ಲ.

ಕೇಳದಿರುವುದರ ಪರಿಣಾಮವೇನೆಂಬುದು ತಯಾರಕರು ಅಭಿಪ್ರಾಯವನ್ನು ಸಂಗ್ರಹಿಸುವ ಇನ್ನೊಂದು ಕ್ರಮವನ್ನು ನೋಡಿದರೆ ತಿಳಿಯುತ್ತದೆ. ಇಂದು ಬಳಕೆದಾರ ಬಾಯಿಬಿಟ್ಟು ಹೇಳುವುದಕ್ಕಿಂತ ಅವನು ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದ ಎಂಬ ಲೆಕ್ಕವೇ ಹೆಚ್ಚು ನಂಬಲರ್ಹವೆಂದು ದೊಡ್ಡ ಸಂಸ್ಥೆಗಳು ಭಾವಿಸುತ್ತವೆ. ವಿಂಡೋಸ್ 8ನ್ನು ರೂಪಿಸುತ್ತಿದ್ದಾಗ, 2011ರಲ್ಲಿ, ಸ್ಟಾರ್ಟ್ ಮೆನುವಿನ ಬಳಕೆ ಇಳಿಯುತ್ತಿದೆಯೆಂಬ ಲೆಕ್ಕವನ್ನು ಮೈಕ್ರೋಸಾಫ್ಟ್ ಮುಂದಿಟ್ಟಿತು. 2012ರಲ್ಲಿ ಆ ಮೆನು ಮಾಯವಾಯಿತು. ಅದೇ ಆವೃತ್ತಿಯಲ್ಲಿ, ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೂ ಹೊಸ ಅಲಂಕಾರ ಬೇಡವೆನ್ನುವವರಿಗೆ ಆಸರೆಯಾಗಿದ್ದ ಬೂದು ಬಣ್ಣದ ‘ಕ್ಲಾಸಿಕ್’ ಥೀಮ್ ಕೂಡ ಹೋಯಿತು. ಮುಂದೆ ನಡೆದದ್ದು ಎಲ್ಲರಿಗೂ ಗೊತ್ತಿರುವುದೇ. 2013ರ 8.1ರಲ್ಲಿ ಗುಂಡಿ ಮರಳಿತು, 2015ರ ವಿಂಡೋಸ್ 10ರಲ್ಲಿ ಮೆನುವೂ ಮರಳಿತು. ಕ್ಲಾಸಿಕ್ ಥೀಮ್ ಮಾತ್ರ ಮರಳಲಿಲ್ಲ. ಸ್ಟಾರ್ಟ್ ಮೆನುವಿಗಾಗಿ ಕೂಗಿದವರು ಕೋಟ್ಯಂತರ ಬಳಕೆದಾರರ ಪ್ರತಿನಿಧಿಗಳು. ಹಳೆಯ ಥೀಮ್‌ಗಾಗಿ ಕೂಗಿದವರು ಕೆಲವರು.

ಲೆಕ್ಕದ ದೋಷ ಇಲ್ಲಿಯೇ ಇದೆ. ಒಂದು ಸೌಲಭ್ಯವನ್ನು ಎಷ್ಟು ಮಂದಿ ಬಳಸುತ್ತಾರೆ ಎಂಬುದನ್ನು ಅದು ಹೇಳುತ್ತದೆ. ಆ ಕೆಲವರಿಗೆ ಅದು ಎಷ್ಟು ಅನಿವಾರ್ಯ ಎಂಬುದನ್ನು ಹೇಳುವುದಿಲ್ಲ. ಕಟ್ಟಡದ ಇಳಿಜಾರು ದಾರಿಯಲ್ಲಿ ದಿನಕ್ಕೆ ಎಷ್ಟು ಗಾಲಿಕುರ್ಚಿಗಳು ಹೋದವೆಂದು ಎಣಿಸಿ ಅದನ್ನು ಕೆಡವಲು ಯಾರೂ ಮುಂದಾಗಲಾರರು. ಕನ್ನಡದ ವಿಷಯದಲ್ಲಿ ಈ ಲೆಕ್ಕ ಇನ್ನೂ ಕೆಟ್ಟ ಸುತ್ತಿಗೆ ಸಿಲುಕಿಸುತ್ತದೆ. ಕನ್ನಡದ ಮೆನು ಅರ್ಧ ಕತ್ತರಿಸಿ ಕಂಡಾಗ ಬಳಕೆದಾರ ದೂರು ಕೊಡುವುದಿಲ್ಲ, ಇಂಗ್ಲಿಷಿಗೆ ಬದಲಿಸಿಕೊಂಡು ಕೆಲಸ ಮುಗಿಸುತ್ತಾನೆ. ದೂರು ಕೊಡಬೇಕೆಂದರೂ ಅದನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ದೂರು ಬಾರದಿದ್ದುದರಿಂದ ದೋಷ ಉಳಿಯುತ್ತದೆ. ದೋಷ ಉಳಿದುದರಿಂದ ಇನ್ನಷ್ಟು ಜನ ಇಂಗ್ಲಿಷಿಗೆ ಹೋಗುತ್ತಾರೆ. ಕೊನೆಗೆ ಲೆಕ್ಕ ನೋಡಿದವರು ಕನ್ನಡದ ಮುಖವನ್ನು ಬಳಸುವವರೇ ಇಲ್ಲವೆಂದು ತೀರ್ಮಾನಿಸಿದರೆ ಆಶ್ಚರ್ಯವೇನಿದೆ? ಸ್ವಯಂಸೇವಕರು ವರ್ಷಗಟ್ಟಲೆ ಕುಳಿತು ಗ್ನೋಮ್‌ನಂತಹ ಡೆಸ್ಕ್‌ಟಾಪ್‌ಗಳ ಪದಗಳನ್ನು ಕನ್ನಡಕ್ಕೆ ತಂದ ಶ್ರಮ ಒಂದು ಪಟ್ಟಿಯ ಎತ್ತರ ಸಾಲದೆ ವ್ಯರ್ಥವಾಗುವುದು ನೋವಿನ ಸಂಗತಿ.

ಇಷ್ಟು ಹೇಳಿದ ಮೇಲೆ ಥೀಮ್‌ಗಳನ್ನು ಮತ್ತು ತಂತ್ರಾಂಶಗಳನ್ನು ರೂಪಿಸುವವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. 2019ರ ಮೇ ತಿಂಗಳಲ್ಲಿ ಗ್ನೋಮ್‌ಗಾಗಿ ತಂತ್ರಾಂಶ ಬರೆಯುವ ಹಲವರು ಸೇರಿ ಒಂದು ಬಹಿರಂಗ ಪತ್ರ ಬರೆದರು. ಲಿನಕ್ಸ್ ವಿತರಕರು ತಮ್ಮ ಥೀಮ್‌ಗಳನ್ನು ನಮ್ಮ ತಂತ್ರಾಂಶಗಳ ಮೇಲೆ ಹೇರಬೇಡಿ ಎಂಬುದು ಅವರ ಕೋರಿಕೆ. ಅವರ ಕಾರಣ ತೂಕದ್ದಾಗಿತ್ತು. ಒಬ್ಬರು ಬರೆದ ತಂತ್ರಾಂಶಕ್ಕೆ ಇನ್ನೊಬ್ಬರ ಬಣ್ಣ ಹಚ್ಚಿದಾಗ ಕಪ್ಪಿನ ಮೇಲೆ ಕಪ್ಪು ಚಿಹ್ನೆ ಬಂದು ಕಾಣದಾಗುತ್ತದೆ, ಗುಂಡಿಯ ಬರಹ ಅಳಿಸಿಹೋಗುತ್ತದೆ. ಬಳಕೆದಾರನ ದೂರು ಮಾತ್ರ ಥೀಮ್ ಮಾಡಿದವರಿಗೆ ಹೋಗದೆ ತಂತ್ರಾಂಶ ಬರೆದವರಿಗೆ ಬರುತ್ತದೆ. ತಾವು ಮಾಡದ ತಪ್ಪಿಗೆ ಬೈಗುಳ ತಿನ್ನುವವರು, ಅದರಲ್ಲಿಯೂ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು, ಎಷ್ಟು ದಿನ ತಾಳಿಯಾರು? 2021ರ ಕೊನೆಯ ದಿನ ಬಿಡುಗಡೆಯಾದ ಲಿಬ್‌ಅಡ್ವೈಟ ಎಂಬ ಹೊಸ ತಳಹದಿ, ಹೊರಗಿನ ಥೀಮ್‌ಗಳಿಗೆ ಸಹಜವಾಗಿ ದೊರೆಯುತ್ತಿದ್ದ ಪ್ರವೇಶವನ್ನು ಬಹುಮಟ್ಟಿಗೆ ಮುಚ್ಚಿತು. ಬಳಕೆದಾರರು ಇದನ್ನು ಸ್ವಾತಂತ್ರ್ಯಹರಣವೆಂದು ಖಂಡಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ 47ರಲ್ಲಿ, ಗುಂಡಿ ಮತ್ತು ಆಯ್ಕೆಗಳನ್ನು ಎತ್ತಿ ತೋರಿಸುವ ಬಣ್ಣವನ್ನು ಬಳಕೆದಾರರೇ ಆರಿಸಿಕೊಳ್ಳುವ ಅವಕಾಶ ಸೇರಿತು. ಬಾಗಿಲು ಮುಚ್ಚಿದವರು ಒಂದು ಕಿಟಕಿಯನ್ನಾದರೂ ತೆರೆದರು.

ಈ ಎರಡು ಅತಿಗಳ ನಡುವೆ ಒಂದು ಮಧ್ಯಮಾರ್ಗವಿದೆ ಎಂಬುದಕ್ಕೆ ಮತ್ತೆ ಉಬುಂಟುವೇ ನಿದರ್ಶನ. 2017ರ ಕೊನೆಯಲ್ಲಿ ಅದು ತನ್ನ ಹೊಸ ಥೀಮ್‌ನ ಕೆಲಸಕ್ಕೆ ಬಳಕೆದಾರರ ಸಮುದಾಯವನ್ನೇ ಆಹ್ವಾನಿಸಿತು. ಉತ್ಸಾಹಿಗಳು ಸೇರಿ ರೂಪಿಸಿದ ಆ ಥೀಮ್ 2018ರ ಏಪ್ರಿಲ್ ಆವೃತ್ತಿಗೆ ಸಿದ್ಧವಾಗಬೇಕಿತ್ತು. ದೋಷಗಳಿನ್ನೂ ಉಳಿದಿದ್ದುದರಿಂದ ಅದನ್ನು ಎಲ್ಲರ ಮೇಲೆ ಹೇರದೆ, ಬೇಕಾದವರು ಹಾಕಿಕೊಂಡು ನೋಡಲೆಂದು ಬಿಟ್ಟರು. ಬಂದ ದೂರುಗಳನ್ನು ತಿದ್ದಿಕೊಂಡು ಅಕ್ಟೋಬರ್‌ನ 18.10 ಆವೃತ್ತಿಯಲ್ಲಿ ‘ಯಾರು’ ಎಂಬ ಹೆಸರಿನಿಂದ ಅದು ಸಹಜ ಥೀಮ್ ಆಯಿತು. ಕನ್ನಡದ ಕಿವಿಗೆ ಪ್ರಶ್ನೆಯಂತೆ ಕೇಳಿಸುವ ಈ ಪದಕ್ಕೆ ಜಪಾನೀ ಭಾಷೆಯಲ್ಲಿ ‘ಮಾಡು’ ಎಂದರ್ಥ. ಎಂಟು ವರ್ಷಗಳ ಹಿಂದೆ ಮತದಾನವಿಲ್ಲವೆಂದ ವ್ಯವಸ್ಥೆ ಈಗಲೂ ಮತದಾನವನ್ನೇನೂ ನಡೆಸಲಿಲ್ಲ. ದೂರು ಹೇಳುವವರ ಕೈಗೆ ಕುಂಚವನ್ನು ಕೊಟ್ಟಿತು, ಆರು ತಿಂಗಳು ಕಾಯುವ ತಾಳ್ಮೆಯನ್ನು ತೋರಿತು. ಅಭಿಪ್ರಾಯವನ್ನು ಗೌರವಿಸುವುದೆಂದರೆ ಹೇಳಿದ್ದನ್ನೆಲ್ಲ ಒಪ್ಪುವುದಲ್ಲ; ಒಪ್ಪದಿರಲು ಕಾರಣ ಕೊಡುವುದು, ಒಪ್ಪಿದ್ದನ್ನು ಮಾಡಿ ತೋರಿಸುವುದು.

ಹಾಗಾದರೆ ಕೇಳುವವರು ಮಾಡಬೇಕಾದ್ದೇನು? ಬಂದ ದೂರುಗಳನ್ನು ಎಣಿಸುವ ಮೊದಲು ವಿಂಗಡಿಸಬೇಕು. ‘ಹಿಡಿಸುವುದಿಲ್ಲ’ ಎಂಬ ಸಾವಿರ ದೂರುಗಳಿಗಿಂತ ‘ಓದಲಾಗುವುದಿಲ್ಲ’ ಎಂಬ ಹತ್ತು ದೂರುಗಳಿಗೆ ಮೊದಲ ಮಣೆ ಸಲ್ಲಬೇಕು. ಥೀಮ್ ಬಿಡುಗಡೆಯಾಗುವ ಮುನ್ನ ಅದರ ಹೊಳಪಿನ ಅನುಪಾತವನ್ನು ಅಳೆಯುವುದು, ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿ ನೋಡುವುದು, ಕನ್ನಡ, ಮಲಯಾಳಂ, ಬರ್ಮೀಯಂತಹ ಎತ್ತರದ ಲಿಪಿಗಳಲ್ಲಿ ಒಂದು ಸಲ ತೆರೆದು ನೋಡುವುದು ನಿಯಮವಾಗಬೇಕು. ಪಟ್ಟಿಯ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕದೆ ಅಕ್ಷರದೊಡನೆ ಬೆಳೆಯುವಂತೆ ಬಿಡುವುದು ತಾಂತ್ರಿಕವಾಗಿ ಕಷ್ಟದ ಮಾತೇನಲ್ಲ.

ಹೇಳುವವರ ಹೊಣೆಯೂ ಇದೆ, ಆ ಹೊಣೆ ಈಗ ನಮ್ಮ ಮೇಲೆ ಹೆಚ್ಚಾಗಿದೆ. ‘ಈ ಥೀಮ್ ದರಿದ್ರವಾಗಿದೆ’ ಎಂದು ಬರೆದರೆ ಅದು ಸಾವಿರ ಕೂಗುಗಳಲ್ಲಿ ಸಾವಿರದ ಒಂದನೆಯದಾಗುತ್ತದೆ. ಯಾವ ಆವೃತ್ತಿ, ಯಾವ ಅಕ್ಷರಗಾತ್ರ, ಯಾವ ಪದದಲ್ಲಿ ಯಾವ ಒತ್ತಕ್ಷರ ಕತ್ತರಿಸಿತು ಎಂದು ಪರದೆಯ ಚಿತ್ರದೊಡನೆ ತಿಳಿಸಿದರೆ ಅದನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ. 2010ರಲ್ಲಿ ಮುಚ್ಚುವ ಗುಂಡಿ ಮೂಲೆಗೆ ಬಂದದ್ದು ನೆನಪಿರಲಿ. ಗಣಕದಲ್ಲಿ ಕನ್ನಡ ಉಳಿಯಬೇಕೆನ್ನುವ ಸಂಘಸಂಸ್ಥೆಗಳೂ ಕಾಲೇಜುಗಳ ತಂತ್ರಾಂಶ ವಿದ್ಯಾರ್ಥಿಗಳೂ ಇಂತಹ ದೂರುಗಳನ್ನು ಬರೆಯುವುದನ್ನು ಒಂದು ಕೆಲಸವಾಗಿಯೇ ಕೈಗೆತ್ತಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಬರೆಯಲಾರದವರ ಪರವಾಗಿ ಬರೆದುಕೊಡಬಹುದು. ಮೆನುವಿನ ಸಾಲುಗಳನ್ನು ಎಣಿಸಿಕೊಂಡು ಕೆಲಸ ಮಾಡುವ ಹಿರಿಯರೂ, ಕನ್ನಡದ ಮುಖವನ್ನು ಒಂದೇ ದಿನ ಬಳಸಿ ಇಂಗ್ಲಿಷಿಗೆ ಹಿಂದಿರುಗಿದ ಕನ್ನಡಿಗನೂ ಯಾವ ಲೆಕ್ಕದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅವರ ಮೌನವನ್ನು ಸಮ್ಮತಿಯೆಂದು ಓದುವ ಅವಕಾಶವನ್ನು ನಾವು ಯಾರಿಗೂ ಕೊಡಬಾರದು.